ಅಳಿಸಿದರೂ ಮತ್ತೆ ಹೊತ್ತುವ ದೀಪ: ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರಿನ ವಿಮರ್ಶೆ

ಕಾರಿನ ಕಂಪ್ಯೂಟರು ದಾಖಲಿಸಿದ ದೋಷಗಳ ಕೋಡುಗಳನ್ನು ಫೋನಿನಲ್ಲಿ ಓದಿಸುವ ಈ ಓಬಿಡಿ (ಆನ್-ಬೋರ್ಡ್ ಡಯಾಗ್ನಾಸ್ಟಿಕ್ಸ್) ಸ್ಕ್ಯಾನರನ್ನು ನಾನು ಕೊಂಡದ್ದು ಬೇಸತ್ತು. ನಾಲ್ಕು ತಿಂಗಳಲ್ಲಿ ಮೂರು ಬಾರಿ ನನ್ನ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತ್ತು. ಮೂರು ಬಾರಿಯೂ ಗ್ಯಾರೇಜಿನವರು ತಮ್ಮ ಯಂತ್ರವನ್ನು ಜೋಡಿಸಿ, ಕೋಡ್ ಅಳಿಸಿ, ಸರಿಹೋಯಿತೆಂದು ಕಳುಹಿಸಿಕೊಟ್ಟಿದ್ದರು. ಎರಡನೆಯ ಬಾರಿ, ಎಂಜಿನ್ನಿನ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸುವ ಆಕ್ಸಿಜನ್ ಸೆನ್ಸರನ್ನೂ ಬದಲಿಸಿದ್ದರು. ಹತ್ತು ದಿನ ಕಳೆಯುವುದರೊಳಗೆ ದೀಪ ಮತ್ತೆ ಹಾಜರಾಗಿತ್ತು.

ಸಾಧನ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನ ಆ್ಯಪ್ ತೆರೆದರೆ ಆಯಿತು. ಓಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಗಿ, ಮುಂದೆ ಬೇರೆಡೆಗಳಿಗೂ ಹರಡಿದ್ದರಿಂದ ಇದೇ ಸಾಕೆಟ್ ಈಗಿನ ಬಹುತೇಕ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಇರುತ್ತದೆ.

ಮೊದಲು ಕಂಡ ಕೋಡ್ ಪಿ0171, ಅಂದರೆ ಎಂಜಿನ್ನಿನ ಮೊದಲ ಬ್ಯಾಂಕಿನಲ್ಲಿ (ಸಿಲಿಂಡರುಗಳ ಸಾಲಿನಲ್ಲಿ) ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗಿದೆ ಎಂಬ ದೂರು. ಹೆಚ್ಚಿನ ಗಾಳಿ ಎಲ್ಲಿಂದ ಬಂತು, ಅಥವಾ ಇಂಧನವೇ ಏಕೆ ಕಡಿಮೆಯಾಯಿತು ಎಂಬುದನ್ನು ಈ ಕೋಡ್ ಹೇಳುವುದಿಲ್ಲ. ತೆಳುವಾಗಿದೆಯೆಂದು ವರದಿ ಮಾಡಿದ ಸೆನ್ಸರನ್ನೇ ಕಿತ್ತುಹಾಕಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಿತ್ತು.

ಸ್ಕ್ಯಾನರಿನ ನಿಜವಾದ ಉಪಯೋಗ ಕೋಡ್ ಓದಿದ ಮೇಲೆ ಆರಂಭವಾಗುತ್ತದೆ. ದೋಷ ದಾಖಲಾದ ಕ್ಷಣದ ಸ್ಥಿತಿಯನ್ನು ಎಂಜಿನ್ನಿನ ಕಂಪ್ಯೂಟರು ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಉಳಿಸಿಕೊಂಡಿರುತ್ತದೆ: ನನ್ನ ಕಾರಿನಲ್ಲಿ ವೇಗ 0, ಕೂಲಂಟ್ ಉಷ್ಣತೆ 88 ಡಿಗ್ರಿ, ಎಂಜಿನ್ ನಿಮಿಷಕ್ಕೆ 740 ಸುತ್ತು. ಎಂದರೆ ಕಾರು ನಿಂತಲ್ಲೇ ಐಡಲಿಂಗ್‌ನಲ್ಲಿದ್ದಾಗ ತೊಂದರೆ ಕಾಣಿಸಿಕೊಂಡಿದೆ. ನಂತರ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ನೋಡಿದೆ. ಮಿಶ್ರಣವನ್ನು ಸರಿದೂಗಿಸಲು ಕಂಪ್ಯೂಟರು ಶೇಕಡಾ ಎಷ್ಟು ಇಂಧನವನ್ನು ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬ ಲೆಕ್ಕ ಅದು. ದೀರ್ಘಕಾಲದ ಟ್ರಿಮ್ ಐಡಲಿಂಗ್‌ನಲ್ಲಿ +21 ಇದ್ದರೆ, 2500 ಸುತ್ತಿಗೆ ಏರಿಸಿ ಹಿಡಿದಾಗ +6ಕ್ಕೆ ಇಳಿಯಿತು. ಸಾಮಾನ್ಯವಾಗಿ +10 ಅಥವಾ -10ನ್ನು ಮೀರಿದರೆ ಅನುಮಾನಿಸಬೇಕು.

ಈ ಇಳಿಕೆಯೇ ಸುಳಿವು. ಗಾಳಿಯನ್ನು ಅಳೆಯುವ ಸೆನ್ಸರನ್ನು ದಾಟಿದ ಮೇಲೆ ಎಲ್ಲೋ ಒಂದು ಬಿರುಕಿನಿಂದ ಗಾಳಿ ನುಸುಳುತ್ತಿದ್ದರೆ, ಐಡಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಅಲ್ಪವಾದ್ದರಿಂದ ಆ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ. ಥ್ರಾಟಲ್ ತೆರೆದಂತೆ ಒಳಹೋಗುವ ಒಟ್ಟು ಗಾಳಿ ಹೆಚ್ಚಿ, ಅದರ ಪಾಲು ನಗಣ್ಯವಾಗುತ್ತದೆ. ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಹಿಡಿದಿದ್ದರೆ ಅಥವಾ ಫ್ಯೂಯಲ್ ಪಂಪ್ ಸೊರಗಿದ್ದರೆ ಇದಕ್ಕೆ ವಿರುದ್ಧವಾಗಿ, ಎಂಜಿನ್ನಿನ ಮೇಲೆ ಭಾರ ಬಿದ್ದಂತೆ ಟ್ರಿಮ್ ಏರುತ್ತದೆ. ಈ ಅಂಕಿಗಳನ್ನು ಬರೆದುಕೊಂಡು ಬೇರೊಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಚೀಟಿ ನೋಡಿದವರೇ ಬೇರೇನನ್ನೂ ಬಿಚ್ಚದೆ, ಇನ್‌ಟೇಕ್ ಕೊಳವೆಗೆ ಹೊಗೆ ಹಾಯಿಸಿದರು. ಎಂಜಿನ್ನಿನ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ಒಯ್ಯುವ ಪಿಸಿವಿ ಹೋಸಿನ ತಿರುವಿನ ಅಡಿಭಾಗದಿಂದ, ಬರಿಗಣ್ಣಿಗೆ ಕಾಣದ ಕಡೆಯಿಂದ, ಹೊಗೆ ಸಣ್ಣಗೆ ಮೇಲೆದ್ದಿತು. ಗೇಣುದ್ದದ ರಬ್ಬರ್ ಹೋಸ್ ಬದಲಾದ ಮೇಲೆ, ಎರಡು ದಿನ ಓಡಿಸುವಷ್ಟರಲ್ಲಿ ಐಡಲಿಂಗ್ ಟ್ರಿಮ್ +3ಕ್ಕೆ ಬಂದು ನಿಂತಿತು.

ಕೋಡನ್ನು ನಾನು ಅಳಿಸಲಿಲ್ಲ. ಇಂತಹ ದೋಷ ಸಾಮಾನ್ಯವಾಗಿ ಸತತ ಎರಡು ಓಡಾಟಗಳಲ್ಲಿ ಕಂಡರೆ ಮಾತ್ರ ದೀಪ ಹೊತ್ತುತ್ತದೆ. ದುರಸ್ತಿಯ ನಂತರ ಸತತ ಮೂರು ಓಡಾಟಗಳಲ್ಲಿ ಪರೀಕ್ಷೆ ಪಾಸಾದರೆ ತಾನಾಗಿಯೇ ಆರುತ್ತದೆ. ನನ್ನದು ನಾಲ್ಕನೆಯ ದಿನ ಆರಿತು. ಅಳಿಸಿದರೆ ಕೋಡಿನ ಜೊತೆಗೆ ಫ್ರೀಜ್ ಫ್ರೇಮೂ ಹೋಗುತ್ತದೆ, ಕಂಪ್ಯೂಟರು ಮುಗಿಸಿಟ್ಟ ಸ್ವಯಂಪರೀಕ್ಷೆಗಳೂ ಶೂನ್ಯಕ್ಕೆ ಮರಳುತ್ತವೆ. ಹಿಂದಿನ ಗ್ಯಾರೇಜಿನಲ್ಲಿ ಮೂರು ಬಾರಿಯೂ ಸಾಕ್ಷ್ಯ ನಾಶವಾದದ್ದು ಹೀಗೆಯೇ. ದೀಪ ಕೆಲವು ದಿನ ಸುಮ್ಮನಿದ್ದುದನ್ನು ನಾವೆಲ್ಲರೂ ದುರಸ್ತಿಯೆಂದು ನಂಬಿದೆವು. ಹೀಗಿರುವಾಗ ಈ ಆ್ಯಪ್‌ನಲ್ಲಿ ‘ಅಳಿಸು’ ಗುಂಡಿಯನ್ನು ‘ಓದು’ ಗುಂಡಿಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಇಟ್ಟಿರುವುದು ಅಕ್ಷಮ್ಯ.

ಇತರ ಕೊರತೆಗಳೂ ಇವೆ. ನಾಲ್ಕು ಅಂಕಿಗಳನ್ನು ಒಟ್ಟಿಗೆ ತೋರಿಸಲು ಹೇಳಿದರೆ ಸೆಕೆಂಡಿಗೆ ಒಮ್ಮೆಯಷ್ಟೇ ಬದಲಾಗುತ್ತವೆ, 0.1 ಮತ್ತು 0.9 ವೋಲ್ಟುಗಳ ನಡುವೆ ಸರಸರನೆ ಓಲಾಡುವ ಆಕ್ಸಿಜನ್ ಸೆನ್ಸರಿನ ಗತಿಯನ್ನು ಇದು ಹಿಡಿಯಲಾರದು. ಆದ್ದರಿಂದ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆನ್ನುವ ಪಿ0420 ಕೋಡ್ ಬಂದಾಗ, ಇದರ ನಕ್ಷೆಯನ್ನು ನಂಬಿ ಅದನ್ನು ಬದಲಿಸಲು ನಾನು ಮುಂದಾಗುವುದಿಲ್ಲ. ಎಬಿಎಸ್, ಏರ್‌ಬ್ಯಾಗ್ ದೀಪಗಳ ಕಾರಣವನ್ನು ಇದು ಓದುವುದಿಲ್ಲ. ಸಾಕೆಟ್ಟಿನ 16ನೆಯ ಪಿನ್ನಿನಲ್ಲಿ ಬ್ಯಾಟರಿಯ ವಿದ್ಯುತ್ ಸದಾ ಹರಿಯುತ್ತಿರುವುದರಿಂದ, ಆಫ್ ಮಾಡುವ ಸ್ವಿಚ್ಚೇ ಇಲ್ಲದ ಈ ಸಾಧನವನ್ನು ಪ್ರತಿ ಬಾರಿಯೂ ಕಿತ್ತಿಡಬೇಕು. ಇನ್ನು, ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಸ್ಕ್ಯಾನರ್ ಹುಡುಕುತ್ತ ಕೂರುವಂತಿಲ್ಲ. ಸರಿಯಾಗಿ ಉರಿಯದ ಇಂಧನ ಕನ್ವರ್ಟರನ್ನು ಸುಡುತ್ತಿರಬಹುದಾದ್ದರಿಂದ ಮೊದಲು ವೇಗ ತಗ್ಗಿಸಿ ಸುರಕ್ಷಿತವಾಗಿ ನಿಲ್ಲಿಸಬೇಕು.

ಟ್ರಿಮ್ ಎಂದರೇನೆಂದು ತಿಳಿಯಲು ಒಂದು ಸಂಜೆ ಕೊಡಬಲ್ಲವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಪೂರ್ತಿ ಒಂದು ಆ ಅಳಿಸುವ ಗುಂಡಿಯ ಪಾಲಿನದು.