ಜೋಗಿಮಟ್ಟಿ ರಸ್ತೆಯ ಸೀತಾಫಲದ ಅಜ್ಜಿ: ಸಣ್ಣ ಹಣ್ಣೇ ತಗೊಳ್ಳಿ

ಸೀತಾಫಲದ ಕಾಲ ಬಂದರೆ ದಾವಣಗೆರೆಯಿಂದ ಬೈಕ್ ಹತ್ತಿ ಚಿತ್ರದುರ್ಗಕ್ಕೆ ಹೋಗುತ್ತೇನೆ. ಕೋಟೆ ನೋಡೋಕಲ್ಲ, ಜೋಗಿಮಟ್ಟಿ ಗುಡ್ಡದ ಕಡೆ ಹೋಗೋ ರಸ್ತೆಯಲ್ಲಿ ಮರದ ಕೆಳಗೆ ಕೂರುವ ಒಬ್ಬ ಅಜ್ಜಿಗಾಗಿ. ಬೋರ್ಡಿಲ್ಲ, ತಕ್ಕಡಿ ಇಲ್ಲ. ಎರಡು ಬುಟ್ಟಿ, ಕೆಳಗೊಂದು ಗೋಣಿಚೀಲ, ಅಷ್ಟೇ.

ಒಂದು ಬುಟ್ಟಿಯಲ್ಲಿ ಮುಷ್ಟಿಗಿಂತ ದೊಡ್ಡ ಹಣ್ಣು. ಅದು ತೋಟದ್ದು, ಮಾರ್ಕೆಟ್ಟಿಂದ ತಂದದ್ದು. ನೋಡೋಕೆ ಚೆಂದ, ತಿಂದರೆ ಸಪ್ಪೆ. ಇನ್ನೊಂದರಲ್ಲಿ ಗುಡ್ಡದ ಬುಡದ ಹೊಲದ ಬದುವಿನ ಹಣ್ಣು. ಸಣ್ಣದು, ಬೀಜ ಜಾಸ್ತಿ, ಒಂದು ಕಡೆ ಸೊಟ್ಟ. ಆದರೆ ಬಿಡಿಸಿದರೆ ತಿರುಳು ಸಕ್ಕರೆ ಹರಳಿನ ಹಾಗೆ ಮರಳು ಮರಳು, ಬೆರಳೆಲ್ಲ ಅಂಟು. ಕಣ್ಣು ಬಿಟ್ಟ, ಅಂದರೆ ಸಿಪ್ಪೆಯ ಉಬ್ಬುಗಳ ನಡುವೆ ಸಂದು ಬಿಟ್ಟ ಕಾಯಿ ಆರಿಸಿ ಅಕ್ಕಿ ಡಬ್ಬದಲ್ಲಿ ಎರಡು ದಿನ ಇಡಿ, ಸಾಕು. ಹೋದ ಸಲ ತಂದ ಹನ್ನೆರಡರಲ್ಲಿ ಒಂದು ಒಳಗೆ ಕಪ್ಪಾಗಿತ್ತು, ಅದಕ್ಕೊಂದು ನಕ್ಷತ್ರ ಕಡಿಮೆ.

ನಿಜವಾದ ಬೇಜಾರು ಬೇರೆ. ಐದು ವರ್ಷದ ಹಿಂದೆ ಸಣ್ಣ ಹಣ್ಣಿನ ಬುಟ್ಟಿ ತುಂಬಿ ಚೆಲ್ಲುತ್ತಿತ್ತು. ಈಗ ಅರ್ಧ. ಯಾಕಜ್ಜಿ ಅಂದೆ.

"ಬದುನೇ ಇಲ್ಲ ತಮ್ಮಾ, ಗಿಡ ಎಲ್ಲೈತೆ?"

ರಾಗಿ, ಸಾಮೆ ಬೆಳೆಯುತ್ತಿದ್ದ ಹೊಲಗಳಿಗೆ ಜೆಸಿಬಿ ಬಿಟ್ಟು ಮಟ್ಟ ಮಾಡಿ ಅಡಿಕೆ ಇಟ್ಟಿದ್ದಾರಂತೆ, ರಸ್ತೆ ಪಕ್ಕದವು ಸೈಟಾಗಿವೆ. ಅಡಿಕೆಗೆ ಒಳ್ಳೆ ರೇಟು ಸಿಗುವಾಗ ಸಾಮೆ ಬಿತ್ತಿ ಅನ್ನೋಕೆ ನಾನ್ಯಾರು? ಆದರೆ ಸೀತಾಫಲಕ್ಕೆ ಯಾರೂ ನೀರು ಹಾಯಿಸಬೇಕಿರಲಿಲ್ಲ, ಎಲೆ ಕಹಿ ಅಂತ ಆಡು ಕೂಡ ಮುಟ್ಟಲ್ಲ, ಸುಮ್ನೆ ಬದುವಿನಲ್ಲಿ ನಿಂತು ಗುಡ್ಡದಿಂದ ಇಳಿಯೋ ಮಳೆ ನೀರನ್ನೂ ಮಣ್ಣನ್ನೂ ಹಿಡಿದಿಡುತ್ತಿತ್ತು. ಈಗ ಆ ಮಣ್ಣು ಕೆರೆಗೆ ಹೋಗಿ ಹೂಳಾಗುತ್ತೆ, ತೋಟಕ್ಕೆ ಬೋರ್‌ವೆಲ್ ಬೇಕು. ರಾಗಿ ಹುಲ್ಲು ಇಲ್ಲದ್ದಕ್ಕೆ ಕುರಿಗಳು ಮೇಲಿನ ಕಾಡಿಗೆ ಹತ್ತುತ್ತವೆ, ಅಲ್ಲಿನ ಎಳೆ ಸಸಿ ಕಚ್ಚುತ್ತವೆ. 2015ರಲ್ಲಿ ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮ ಮಾಡಿದರು, ಒಳ್ಳೇದೇ. ಅಜ್ಜಿಯ ಬದು ಅದರ ಗಡಿಯಿಂದ ಹೊರಗಿದೆ ಅಲ್ವಾ!

ಸೊಟ್ಟ ಹಣ್ಣಿಗೂ ಕಾರಣ ಇದೆ. ಸೀತಾಫಲದ ಹೂವಿಗೆ ಜೇನು ಅಷ್ಟಾಗಿ ಬರಲ್ಲ, ಪರಾಗ ಸೇರಿಸೋದು ಚಿಕ್ಕ ಜೀರುಂಡೆಗಳು. ಕೊಳೆತ ಹಣ್ಣು, ತರಗೆಲೆ ಇದ್ದ ಕಡೆ ಅವು ಇರುತ್ತವೆ. ಪರಾಗ ಸರಿಯಾಗಿ ಸೇರದಿದ್ದರೆ ಹಣ್ಣು ಒಂದು ಕಡೆ ಮಾತ್ರ ತುಂಬುತ್ತೆ. ಬದು ಗುಡಿಸಿದ ಹಾಗೆ ಚೊಕ್ಕ ಮಾಡಿದರೆ ಅವು ಎಲ್ಲಿರಬೇಕು?

ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ದೊಡ್ಡ ಹಣ್ಣು ಮಾತ್ರ ಉಳಿದಿರುತ್ತೆ. ಫೋನ್‌ಪೇ ಇಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಚೌಕಾಸಿ ಮಾಡಬೇಡಿ, ಬೈಸಿಕೊಳ್ಳುತ್ತೀರಿ.