ಐಬಿಎಂ ಝಡ್15ರ ಎನ್‌ಕ್ರಿಪ್ಶನ್: ವೇಗ ಚೆನ್ನಾಗಿದೆ, ದಾರಿ ನೋಡಿ ಕಳಿಸಿ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಕೂತು ಒಂದು ಬ್ಯಾಂಕಿನ ರಾತ್ರಿ ಬ್ಯಾಚ್, ಅಂದರೆ ದಿನದ ಲೆಕ್ಕಗಳನ್ನೆಲ್ಲ ಒಟ್ಟಿಗೆ ಓಡಿಸುವ ಕೆಲಸ, ನೋಡಿಕೊಳ್ಳುವುದು ನನ್ನ ಕೆಲಸ. ಮೆಷಿನ್ ಐಬಿಎಂ ಝಡ್15, ಬ್ಯಾಂಕುಗಳಂಥ ಕಡೆ ಬಳಸುವ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್. ಇಲ್ಲಿನ ಕಾಲೇಜುಗಳಿಂದ ಮೇನ್‌ಫ್ರೇಮ್ ಕೆಲಸಕ್ಕೆ ಸೇರುವ ಹುಡುಗರು ಕೇಳುವುದು ಒಂದೇ, ಡೇಟಾ ಪೂರ್ತಿ ಎನ್‌ಕ್ರಿಪ್ಟ್ ಮಾಡಿದರೆ (ಕೀ ಇಲ್ಲದವರು ಓದಲಾಗದಂತೆ ಗುಪ್ತ ರೂಪಕ್ಕೆ ತಿರುಗಿಸಿದರೆ) ಬ್ಯಾಚ್ ನಿಧಾನ ಆಗಲ್ವಾ ಅಂತ. ಸರಿಯಾದ ದಾರಿಯಲ್ಲಿ ಕಳಿಸಿದರೆ ಹೇಳಿಕೊಳ್ಳುವಷ್ಟು ಆಗಲ್ಲ.

ದಾರಿ ಎರಡಿವೆ. ಒಂದು ಸಿಪಿಎಸಿಎಫ್, ಪ್ರೊಸೆಸರ್‌ನಲ್ಲೇ ಇರುವ ಎನ್‌ಕ್ರಿಪ್ಶನ್ ಹಾರ್ಡ್‌ವೇರ್. ಇದು ಪ್ರತಿ ಕೋರ್‌ಗೂ ಅಂಟಿಕೊಂಡು ಚಿಪ್ ಒಳಗೇ ಇರುತ್ತದೆ, ಇದರ ಹಿಂದಿನ ಮಾಡೆಲ್ ಆದ 2017ರ ಝಡ್14ರಲ್ಲೇ ಇದರ ವೇಗ ತುಂಬಾ ಜಾಸ್ತಿ ಮಾಡಿದ್ದರು. ಇನ್ನೊಂದು ಕ್ರಿಪ್ಟೋ ಎಕ್ಸ್‌ಪ್ರೆಸ್7ಎಸ್ ಕಾರ್ಡ್, ಮೆಷಿನ್‌ಗೆ ಬೇರೆಯಾಗಿ ಹಾಕುವ ಎನ್‌ಕ್ರಿಪ್ಶನ್ ಕಾರ್ಡ್. ಕೀ ಕಾಯುವುದಕ್ಕೆ ಅದು ಬಹಳ ಭದ್ರ, ಬಿಚ್ಚಲು ಹೋದರೆ ಒಳಗಿನ ಕೀ ತಾನೇ ಅಳಿಸಿಹಾಕುತ್ತದೆ. ಆದರೆ ಪ್ರತಿ ಸಲವೂ ಕಾರ್ಡ್‌ಗೆ ಹೋಗಿ ಬರುವ ಸಮಯ ಇದೆಯಲ್ಲ, ಲಕ್ಷಾಂತರ ರೆಕಾರ್ಡ್‌ಗಳ ಫೈಲನ್ನು ಆ ದಾರಿಗೆ ಬಿಟ್ಟರೆ ಬೆಳಗಾದರೂ ಬ್ಯಾಚ್ ಮುಗಿಯಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಪ್ರೊಟೆಕ್ಟೆಡ್ ಕೀ. ಕಾರ್ಡ್ ಮೊದಲು ಒಂದು ಸಲ ಕೀ ಬಿಚ್ಚಿ, ಇನ್ನೊಂದು ಕೀಯಿಂದ ಅದನ್ನು ಮುಚ್ಚಿ ಸಿಪಿಎಸಿಎಫ್‌ಗೆ ಕೊಡಿಸುತ್ತದೆ. ಆಮೇಲೆ ಕೆಲಸ ಎಲ್ಲಾ ಚಿಪ್‌ನಲ್ಲೇ, ಆಪರೇಟಿಂಗ್ ಸಿಸ್ಟಮ್‌ಗೂ ನಿಜವಾದ ಕೀ ಕಾಣಿಸಲ್ಲ. ಈ ಮೆಷಿನ್‌ನ ಆಪರೇಟಿಂಗ್ ಸಿಸ್ಟಮ್ ಝಡ್ ಓಎಸ್‌ನ ಡೇಟಾಸೆಟ್ (ಅಂದರೆ ಫೈಲ್) ಎನ್‌ಕ್ರಿಪ್ಶನ್ ನಡೆಯುವುದೂ ಹೀಗೇ.

ಬ್ಲಾಕ್ ಸೈಜ್, ಅಂದರೆ ಒಂದು ಕರೆಗೆ ಕಳಿಸುವ ಡೇಟಾದ ಗಾತ್ರ, ಮರೆಯಬೇಡಿ; ದೊಡ್ಡದಿದ್ದರೆ ಒಳ್ಳೆಯದು. ಪ್ರತಿ ಕರೆಗೂ ಒಂದಷ್ಟು ಖರ್ಚು ಇದ್ದೇ ಇರುತ್ತದೆ. ನಮ್ಮ ಕ್ಯಾತ್ಸಂದ್ರ ಟೋಲ್‌ನಲ್ಲಿ ಐವತ್ತು ಜನ ಒಂದೇ ಬಸ್ಸಲ್ಲಿ ದಾಟುವುದಕ್ಕೂ ಐವತ್ತು ಕಾರಲ್ಲಿ ದಾಟುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ, ಅದೇ ಲೆಕ್ಕ.

ಬೇಸರದ ಮಾತೂ ಇದೆ. ಸಿಪಿಎಸಿಎಫ್ ಮಾಡುವ ಕೆಲಸ ಮಾಮೂಲಿ ಪ್ರೊಸೆಸರ್ ಲೆಕ್ಕಕ್ಕೇ ಬೀಳುತ್ತದೆ, ಬಳಕೆ ನೋಡಿ ಸಾಫ್ಟ್‌ವೇರ್ ಬಿಲ್ ಹಾಕುವ ಕಡೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಮೊದಲು ಕಂಪ್ರೆಸ್ ಮಾಡಿ (ಡೇಟಾ ಕುಗ್ಗಿಸಿ), ಆಮೇಲೆ ಎನ್‌ಕ್ರಿಪ್ಟ್. ಝಡ್15ರಲ್ಲಿ ಕಂಪ್ರೆಶನ್ ಕೂಡ ಚಿಪ್ ಒಳಗೇ ಬಂದಿರುವುದರಿಂದ ಎನ್‌ಕ್ರಿಪ್ಟ್ ಮಾಡಬೇಕಾದ ಬೈಟುಗಳೇ ಕಡಿಮೆಯಾಗುತ್ತವೆ. ಉಲ್ಟಾ ಮಾಡಿದರೆ ಏನೂ ಕುಗ್ಗಲ್ಲ, ಸ್ಟೋರೇಜ್ ಜಾಗ ಸುಮ್ನೆ ಹೋಗುತ್ತದೆ. ಬೇರೆಯವರ ಅಂಕಿ ನಂಬುವುದಕ್ಕಿಂತ ನಿಮ್ಮದೇ ಎಸ್‌ಎಂಎಫ್ ರೆಕಾರ್ಡ್‌ಗಳನ್ನು (ಮೆಷಿನ್ ಬಳಕೆಯನ್ನು ಝಡ್ ಓಎಸ್ ಬರೆದಿಡುವ ದಾಖಲೆ) ಐಬಿಎಂನ ಝಡ್‌ಬಿಎನ್‌ಎ ಟೂಲ್‌ಗೆ ಕೊಟ್ಟು ಖರ್ಚು ಅಂದಾಜು ಮಾಡಿ, ಅದು ಉಚಿತ.

ಹೊಸ ಮೆಷಿನ್ ತರಿಸುವವರು ಆರ್ಡರ್‌ನಲ್ಲಿ ಫೀಚರ್ 3863 ಇದೆಯಾ ನೋಡಿಕೊಳ್ಳಿ. ಅದಕ್ಕೆ ದುಡ್ಡಿಲ್ಲ, ಆದರೆ ಅದು ಇಲ್ಲದಿದ್ದರೆ ಸಿಪಿಎಸಿಎಫ್‌ನಲ್ಲಿ ಶಾ (ಡೇಟಾ ಬದಲಾಗಿದೆಯೇ ಎಂದು ನೋಡುವ ಲೆಕ್ಕ) ಮಾತ್ರ ನಡೆಯುತ್ತದೆ, ಡೇಟಾ ಎನ್‌ಕ್ರಿಪ್ಟ್ ಮಾಡುವ ಎಇಎಸ್ ನಡೆಯಲ್ಲ.