ಜೊಂಡೋ, ಗೋಧಿ ಹುಲ್ಲೋ? ಇಂಗ್ಲೆಂಡಿನ ಹಳೆಯ ಮನೆಯ ಮಾಡಿಗೆ

ನೈಋತ್ಯ ಇಂಗ್ಲೆಂಡಿನ ಡೆವನ್‌ನ ಹಳೆಯ ಕಾಟೇಜಿನ ಮಾಡಿಗೆ ಏನು ಹೊದಿಸಲಿ ಎಂದು ಕೇಳಿದ್ದೀರಿ. ಆಯ್ಕೆ ಮೂರು: ನೀರಿನ ಜೊಂಡು, ಬಾಚಿದ ಗೋಧಿ ಹುಲ್ಲು (ಎಲೆ ತೆಗೆದು, ಬುಡವೆಲ್ಲ ಒಂದೇ ಕಡೆಗೆ ಜೋಡಿಸಿದ್ದು), ಉದ್ದ ಹುಲ್ಲು (ಬಾಚದೆ ಬುಡ-ತುದಿ ಬೆರೆತ ಗೋಧಿ ಹುಲ್ಲು).

ಬಾಳಿಕೆಯಲ್ಲಿ ಜೊಂಡು ಮುಂದು. ಒಳ್ಳೆಯ ಕೈ ಬಿದ್ದರೆ 40 ವರ್ಷ ದಾಟುತ್ತದೆ. ಬಾಚಿದ ಹುಲ್ಲು ಸುಮಾರು 25–35, ಉದ್ದ ಹುಲ್ಲು 15–25 ವರ್ಷ. ಮಾಡಿನ ನೆತ್ತಿಯನ್ನಂತೂ ಮೂರರಲ್ಲೂ 10–15 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಬೇಕು.

ಆದರೆ ಹಳೆಯ ಮನೆಗೆ ಬಾಳಿಕೆಯೊಂದೇ ಲೆಕ್ಕವಲ್ಲ. ಜೊಂಡು ಹಾಕಲು ಸಾಮಾನ್ಯವಾಗಿ ಹಳೆಯ ಹುಲ್ಲನ್ನೆಲ್ಲ ಪಕ್ಕಾಸಿನವರೆಗೆ ಕಿತ್ತುಹಾಕುತ್ತಾರೆ. ಗೋಧಿ ಹುಲ್ಲನ್ನು ಹಳೆಯ ಪದರದ ಮೇಲೆಯೇ ಹೊದಿಸಬಹುದು. ಡೆವನ್‌ನ ಕೆಲವು ಮಾಡುಗಳ ಅಡಿಪದರದಲ್ಲಿ ಮಧ್ಯಯುಗದ ಒಲೆಹೊಗೆಗೆ ಕಪ್ಪಾದ ಹುಲ್ಲು ಇಂದಿಗೂ ಇದೆ. ಅದನ್ನು ಕಿತ್ತರೆ ಮತ್ತೆ ಸಿಗದು. ನನಗಂತೂ ಮನಸ್ಸು ಬಾರದು.

ಉದ್ದ ಹುಲ್ಲಿನ ಚೆಲುವೇ ಬೇರೆ: ಮೆತ್ತನೆಯ ಉಬ್ಬು, ಸೂರಿನಂಚಿಗೆ ಹೇಝಲ್ ಎಂಬ ಮರದ ಕಡ್ಡಿಗಳ ಹೆಣಿಗೆ. ಅದು ಪೂರ್ವ ಇಂಗ್ಲೆಂಡಿನ ಸಫೋಕ್ ಕಡೆಯ ಮನೆಗಳಿಗೆ ಒಪ್ಪುತ್ತದೆ. ಜೊಂಡು ಅದರ ಪಕ್ಕದ ನಾರ್ಫೋಕ್‌ನ ಜೌಗುನೆಲದ್ದು; ಅಲ್ಲಿಯ ಮನೆಗೋ ಹೊಸ ಕಟ್ಟಡಕ್ಕೋ ಅದನ್ನೇ ಹೇಳುತ್ತಿದ್ದೆ. ನಿಮ್ಮ ಮಾಡಿನಲ್ಲಿ ಹಳೆಯ ಪದರ ಗಟ್ಟಿಯಾಗಿದ್ದರೆ ಬಾಚಿದ ಹುಲ್ಲು ಹಾಕಿಸಿ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಹುಲ್ಲಿನ ಬಗೆ ಬದಲಿಸುವ ಮೊದಲು ಸ್ಥಳೀಯ ಯೋಜನಾ ಕಚೇರಿಯನ್ನು ಕೇಳಿ, ಅನುಮತಿ ಬೇಕಾಗಬಹುದು.